ರಕ್ತ ತೆಗೆಯುವ ಕೈ

ಮನೆಯಿಂದ, ಮಾರ್ಚ್ ೧೧, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ವರ್ಗವಾಗಿ ಹೋದ ಊರಿನ ನೀರು ಒಗ್ಗಿತಾ? ಆ ಕೆಮ್ಮು ನಿಂತಿತೋ ಇಲ್ಲವೋ? ಶಾಲೆಯಲ್ಲಿ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳಬೇಡ. ಹೆಡ್‌ಮಿಸ್ ಆದಮೇಲೆ ಸುಮ್ಮನೆ ಕಣ್ಣು ಬಿಟ್ಟರೆ ಸಾಕು. ನಿನ್ನ ಕಣ್ಣಿಗೆ ನಾನು ಇವತ್ತಿಗೂ ಹೆದರುತ್ತೇನೆ. ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡ. ಎರಡು ಸಾಲಿಗೊಮ್ಮೆ ಪೆನ್ನು ಕೆಳಗಿಟ್ಟು ಬರೆಯುತ್ತಿದ್ದೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ಅದಕ್ಕೇ ಕಾಗದ.

ನನಗೆ ಬಂದಿರುವುದು ರುಮಟಾಯ್ಡ್ ಸಂಧಿವಾತ. ವಯಸ್ಸಿಗೆ ಬರುವ ಮಂಡಿನೋವಲ್ಲ, ಮೈಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ರೋಗ. ಚಳಿಗಾಲದಲ್ಲಿ ಶುರುವಾಯಿತು. ಬೆಳಿಗ್ಗೆ ಬೆರಳು ಮಡಚಲು ಬಾರದೆ, ಬ್ರಷ್ಷನ್ನು ಎರಡು ಅಂಗೈ ನಡುವೆ ಒತ್ತಿಹಿಡಿದು ಹಲ್ಲುಜ್ಜುತ್ತಿದ್ದೆ. ಹತ್ತು ಗಂಟೆ ಹೊತ್ತಿಗೆ ಸಡಿಲವಾಗುತ್ತಿತ್ತು, ಹಾಗಾಗಿ ಬಾಯಿ ಬಿಡಲಿಲ್ಲ. ಹದಿನಾರು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆದವಳು ನಾನು. ಯಾರಿಗೂ ಸಿಗದ ನರ ನನ್ನ ಬೆರಳಿಗೆ ಸಿಗುತ್ತದೆ ಎಂದು ವಾರ್ಡುಗಳಿಂದ ಕರೆ ಬರುತ್ತಿತ್ತು. ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ.

ಜನವರಿಯ ಒಂದು ಬೆಳಿಗ್ಗೆ, ಏಳು ಗಂಟೆಗೆ, ಒಬ್ಬ ಅಜ್ಜಿ ಕುಳಿತಿದ್ದರು. ಕಡ್ಡಿಯಂಥ ತೋಳು. ಸೂಜಿ ಒಳಗೆ ಹೋದಮೇಲೆ ಹೆಬ್ಬೆರಳು ಕೈಕೊಟ್ಟಿತು. ಸಿರಿಂಜು ಜಾರಿ ಚರ್ಮ ಸೀಳಿತು. ಇನ್ನೊಂದು ತೋಳಿಗೆ ಹೋದೆ, ಅಲ್ಲೂ ಹಾಗೇ. ಆ ಅಜ್ಜಿ, "ಪರವಾಗಿಲ್ಲಮ್ಮ, ನಿಧಾನಕ್ಕೆ ತೆಗಿ, ನಂಗೇನು ಅರ್ಜೆಂಟಿಲ್ಲ" ಎಂದು ನನಗೇ ಸಮಾಧಾನ ಹೇಳಿದರು. ಎರಡೂ ತೋಳು ನೀಲಿಗಟ್ಟಿದವು. ಅಕ್ಕಾ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವತ್ತೇ ನನ್ನ ರಕ್ತವನ್ನೂ ತೆಗೆಸಿದೆ. ಡಾಕ್ಟರಿಗಿಂತ ಮೊದಲು ರಿಪೋರ್ಟು ಓದಿದವಳು ನಾನೇ.

ಈಗ ನನ್ನನ್ನು ಮುಂದಿನ ಕೌಂಟರಿಗೆ ಹಾಕಿದ್ದಾರೆ. ಹೆಸರು ಕೇಳುವುದು, ರಕ್ತದ ಟ್ಯೂಬಿಗೆ ಚೀಟಿ ಅಂಟಿಸುವುದು. ನೋಡಿದವರೆಲ್ಲ "ಚೆನ್ನಾಗೇ ಇದ್ದೀಯಲ್ಲ" ಎನ್ನುತ್ತಾರೆ. ಇವರು ಬಸ್ಸಿನ ಡ್ಯೂಟಿಗೆ ಹೊರಡುವ ಮುಂಚೆ ನನ್ನ ಜಡೆ ಹೆಣೆಯುತ್ತಾರೆ. ಸ್ಟಿಯರಿಂಗ್ ಹಿಡಿದ ಕೈ, ಜಡೆ ಹಗ್ಗ ಹೊಸೆದ ಹಾಗೆ ಬರುತ್ತದೆ. ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಮೊದಲು ನನ್ನ ಲೆಕ್ಕದಲ್ಲಿ ಆರೋಗ್ಯವೆಂದರೆ ರಿಪೋರ್ಟಿನ ಅಂಕಿಗಳು ಮಿತಿಯೊಳಗಿರುವುದು. ಹೋದ ತಿಂಗಳು ಡಾಕ್ಟರ ಕೋಣೆಯ ಹೊರಗೆ ಪಕ್ಕದಲ್ಲಿ ಒಬ್ಬ ಬಡಗಿ ಕುಳಿತಿದ್ದ. ಅವನಿಗೂ ಇದೇ, ಹೊಸದು. "ಮುಂಚೆ ಮೈ ಅನ್ನೋದೊಂದಿದೆ ಅಂತಾನೇ ಗೊತ್ತಿರ್ಲಿಲ್ಲ ಕಣಮ್ಮ. ಈಗ ಅದು ಬಿಟ್ರೆ ಬೇರೇನೂ ಗೊತ್ತಾಗ್ತಿಲ್ಲ" ಎಂದ. ಆರೋಗ್ಯ ಎಂದರೆ ಅಷ್ಟೇ ಇರಬೇಕು, ಅದು ಇರುವಷ್ಟು ದಿನ ನೆನಪಾಗದು. ಈಗಂತೂ ಬಾಟಲಿಯ ಮುಚ್ಚಳ ಒಂದು ನಾನೇ ತೆಗೆದ ದಿನ ಹುಷಾರಾಗಿದ್ದೇನೆ ಎಂದುಕೊಳ್ಳುತ್ತೇನೆ. ಡಾಕ್ಟರು ಕೊಟ್ಟ ವಾರಕ್ಕೊಂದು ಮಾತ್ರೆಯಿಂದ ಬೆರಳ ಬಾವು ಇಳಿಯುತ್ತಿತ್ತು.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳಿಬ್ಬರಿಗೂ ಮುತ್ತು. ನೀನು ಬಿಸಿನೀರು ಕುಡಿ.

ನಿನ್ನ,
ಚಿನ್ನಿ

ಮರೆತ ವಿಷಯ: ಹೇಳಬೇಕಾದ್ದನ್ನೇ ಬಿಟ್ಟು ಊರೆಲ್ಲ ಸುತ್ತಿದೆ. ಆ ಮಾತ್ರೆ ಕೊಡುವ ಮೊದಲು ಡಾಕ್ಟರಮ್ಮ, "ಬಸುರಿ ಆಗೋ ಸಂಭವ ಇದ್ಯಾ? ಹೊಟ್ಟೇಲಿರೋ ಮಗೂಗೆ ಇದು ಆಗೋಲ್ಲ" ಎಂದು ಎರಡು ಸಲ ಕೇಳಿದ್ದರು. ಹನ್ನೊಂದು ವರ್ಷ ಆಗದ್ದು ಈಗೆಲ್ಲಿಂದ ಎಂದು ನಕ್ಕು, ಪರೀಕ್ಷೆ ಬೇಡವೆಂದೆ. ನಾಲ್ಕು ವಾರ ನುಂಗಿದೆ. ಗುರುವಾರ ಗೊತ್ತಾಯಿತು, ಎರಡು ತಿಂಗಳು. ಮಾತ್ರೆ ನಿಲ್ಲಿಸಿದ್ದಾರೆ. ಹತ್ತೊಂಬತ್ತಕ್ಕೆ ಸ್ಕ್ಯಾನು, ಅದಾದ ಮೇಲೂ ಏನೂ ಖಂಡಿತ ಹೇಳಲಾಗದಂತೆ. ಇವರಿಗೆ ಇನ್ನೂ ಹೇಳಿಲ್ಲ. ಮೊದಲು ಖುಷಿಪಡುತ್ತಾರೆ ಅಕ್ಕಾ, ಅದನ್ನು ಒಬ್ಬಳೇ ನೋಡಲಾರೆ. ಕಾಗದ ಮುಟ್ಟಿದ ಕೂಡಲೇ ಹೊರಡು.