ಬಿಚ್ಚಿಟ್ಟ ಲಿಂಕ್

ಮಾರ್ಚ್ ೧೧, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಜನರೇಟರ್ ಪೂರ್ತಿ ವೇಗಕ್ಕೆ ಬರುವ ಮೊದಲೇ ಶಿಫ್ಟಿನ ಸಾಹೇಬರು ಅದರ ಕಾಂತಕ್ಕೆ ಕರೆಂಟು, ಅಂದರೆ ಎಕ್ಸೈಟೇಶನ್, ಕೊಟ್ಟು ವೋಲ್ಟೇಜ್ ಏರಿಸಿಬಿಟ್ಟರು. ವೇಗ ಅರ್ಧ, ವೋಲ್ಟೇಜ್ ಪೂರ್ತಿ. ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಅಷ್ಟು ಕಾಂತಶಕ್ತಿ ತಾಳೀತೇ? ಗೂಳಿಯಂತೆ ಗುಟುರು ಹಾಕಿತು. ಇಂಥ ಹೊತ್ತಿನಲ್ಲಿ ತಾನಾಗಿ ಸ್ವಿಚ್ ಬೀಳಿಸಲೆಂದೇ ಇಟ್ಟ ರಿಲೇ ಕೆಂಪು ದೀಪ ಹಚ್ಚಿಕೊಂಡು ಸುಮ್ಮನೆ ಕೂತಿತ್ತು. ಏನನ್ನೂ ನಿಲ್ಲಿಸಲಿಲ್ಲ.

"ವೋಲ್ಟೇಜ್ ಸರಿಯಾಗೇ ಇದೆಯಲ್ಲಮ್ಮ, ಯಾಕೆ ಕೂಗಾಡ್ತೀಯ?" ಅಂದರು ಸಾಹೇಬರು.

"ಸ್ಪೀಡ್ ನೋಡಿ ಸಾರ್, ಸ್ಪೀಡ್!" ನಾನೇ ಓಡಿ ಸ್ವಿಚ್ ತೆಗೆದೆ. ಅಷ್ಟರಲ್ಲಿ ಬಣ್ಣ ಸುಟ್ಟ ವಾಸನೆ.

ರಿಲೇ ಪ್ಯಾನಲ್ ತೆರೆದರೆ ರಿಲೇಯನ್ನು ಸ್ವಿಚ್ಚಿಗೆ ಜೋಡಿಸುವ ಟ್ರಿಪ್ ಲಿಂಕ್ ಬಿಚ್ಚಿದೆ! ರಿಲೇ ಎಷ್ಟು ಬಡಿದುಕೊಂಡರೂ ಸ್ವಿಚ್ಚಿಗೆ ಸುದ್ದಿ ಮುಟ್ಟುವುದೇ ಇಲ್ಲ. ಯಾವ ಪುಣ್ಯಾತ್ಮ ಬಿಚ್ಚಿದ್ದು ಎಂದು ಕಂಟ್ರೋಲ್ ರೂಮಿನಲ್ಲಿದ್ದ ಎಲ್ಲರ ಜನ್ಮ ಜಾಲಾಡಿದೆ. ಸಾಹೇಬರನ್ನೂ ಬಿಡಲಿಲ್ಲ. ರಾತ್ರಿ ಮನೆಯಲ್ಲಿ ಊಟದ ತಟ್ಟೆ ಕುಕ್ಕಿದೆ.

"ತಟ್ಟೆ ಏನೇ ಮಾಡ್ತು ನಿಂಗೆ?" ಅಂದಳು ಅಕ್ಕ.

ಅವಳಿಗೆ ನಿಜ ಹೇಳಲಿಲ್ಲ. ಸಂಜೆ ಒಬ್ಬಳೇ ಲಿಂಕ್ ಹಾಕಲು ಹೋದಾಗ ಅದರ ಪಕ್ಕದಲ್ಲಿ ಹಳದಿ ಟೇಪಿನ ತುಂಡೊಂದು ಕಂಡಿತು. ಧೂಳು ಒರೆಸಿದೆ. 'ಪರೀಕ್ಷೆ ಮುಗಿದ ಮೇಲೆ ಹಾಕುವುದು.' ಕಳೆದ ವರ್ಷದ ತಾರೀಖು. ಆಗ ರಿಲೇ ಪರೀಕ್ಷೆ ಮಾಡಿದವಳು ನಾನು. ಅಕ್ಷರವೂ ನನ್ನದೇ.

ಕಿತ್ತು ಜೇಬಿಗೆ ಹಾಕಿಕೊಂಡೆ. ಯಾರೂ ನೋಡಲಿಲ್ಲ. ಥೂ, ಯಾರಾದರೂ ನೋಡಿದ್ದಾರೆಯೇ ಎಂದು ತಿರುಗಿ ಬೇರೆ ನೋಡಿದೆನಲ್ಲ!

ಟೇಪನ್ನು ಈ ಪುಟಕ್ಕೇ ಅಂಟಿಸಿದ್ದೇನೆ. ನಾಳೆ ಹೋದ ಕೂಡಲೇ, ಎಲ್ಲರೂ ಇರುವಾಗಲೇ, ಸಾಹೇಬರ ಮುಂದೆ ಈ ಪುಟ ತೆರೆದಿಟ್ಟು, ಲಿಂಕ್ ಬಿಚ್ಚಿ ಮರೆತವಳು ನಾನೇ ಎಂದು ಹೇಳುತ್ತೇನೆ.