ಬೀಳೋದು ಕಲಿಸೋ ಸಾಲಿ

ಗಂಗಾವತಿ
೪-೧೨-೧೯೭೯

ಅಣ್ಣಾ,

ನಿನಗೂ ಅವ್ವಗೂ ಇಲ್ಲಿಂದನ ಕೈ ಮುಗದೀನಿ. ವಾಲಿಬಾಲ್ ಕಲಿಸ್ತಾರಂತ ಬಂದ್ರ ಇಲ್ಲಿ ಮೊದಲ ಬೀಳೋದು ಕಲಸಾಕತ್ಯಾರ! ಅಕ್ಕಿ ಮಿಲ್ಲಿನಿಂದ ಬಂಡಿಗಟ್ಟಲೆ ನೆಲ್ಲಿನ ಹೊಟ್ಟು ತರಿಸಿ ಬಯಲಿನ್ಯಾಗ ಹಾಸ್ಯಾರ. ಮುಂಜಾನೆದ್ದು ಹುಡುಗ್ಯಾರೆಲ್ಲಾ ಅದರ ಮ್ಯಾಲೆ ಧಪ್ ಧಪ್ ಬೀಳಬೇಕು. ಮೈಯೆಲ್ಲಾ ತುರಿಸಿ ತುರಿಸಿ ಸಾಕಾಗೈತಿ.

ಕಲಿಸೋ ಮೇಡಮ್ಮಾರು ನನ್ನ ನೋಡಿ, "ಭಾಳ ಗಿಡ್ಡ ಅದಿ, ಟೀಮಿಗೆ ಆಗೂದಿಲ್ಲ, ಊರಿಗೆ ಹೋಗಿಬಿಡು" ಅಂದಿದ್ರು. ನನಗ ಅನ್ನನ ಸೇರಲಿಲ್ಲ. ನಿನ್ನಿ ಮಿಲ್ಲಿನ ಹಮಾಲರ ಜೋಡಿ ನಮಗ ಮ್ಯಾಚ್ ಇಟ್ರು. ಗೂಳಿಯಂಥಾಂವ ಒಬ್ಬ ಹಾರಿ ಹೊಡದ ಚೆಂಡು ಎಲ್ಲಾರನ್ನೂ ದಾಟಿ ಇನ್ನೇನು ನೆಲಕ್ಕ ಬೀಳೂದ್ರಾಗಿತ್ತು. ನಾ ಎದಿ ಮ್ಯಾಲೆ ಜಾರಿ ಹೋಗಿ ಒಂದ ಕೈಲೆ ಎತ್ತಿಬಿಟ್ಟೆ. ಚೆಂಡು ನೆಟ್ ದಾಟಿ ಅವರ ಕಡೆ ಬಿತ್ತು, ಪಾಯಿಂಟ್ ನಮಗ ಬಂತು! ಆ ಹಮಾಲ ಸೊಂಟದ ಮ್ಯಾಲೆ ಕೈ ಇಟ್ಕೊಂಡು, "ಯಾವೂರವ್ವಾ ನಿಂದು? ಉಡ ಹರದಂಗ ಬಂದೆಲ್ಲ!" ಅಂದ. "ಅಳವಂಡಿ!" ಅಂತ ಒದರಿದೆ. ಮೇಡಮ್ಮಾರು ನಕ್ಕೊಂತ ಅಲ್ಲೇ ನನ್ನ ಟೀಮಿಗೆ ಸೇರಿಸಿಕೊಂಡ್ರು.

ಮೊಣಕಾಲು ಅಷ್ಟ ತರಚೇತಿ, ಅರಿಷಿಣ ಹಚ್ಚೀನಿ, ಚಿಂತಿ ಮಾಡಬ್ಯಾಡ್ರಿ. ಇಲ್ಲಿ ಎರಡೂ ಹೊತ್ತು ಅನ್ನನ. ಯಾರರ ಈ ಕಡೆ ಬರಾವ್ರಿದ್ರ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ಕಳಸು.

ಸೀಟಿ ಹೊಡದ್ರು, ಓಡಬೇಕು. ಐತವಾರ ಕೊಪ್ಪಳದಾಗ ನಮ್ಮ ಮ್ಯಾಚ್ ಐತಿ, ಅವ್ವನ್ನ ಕರಕೊಂಡು ಬಾ. ಆದ್ರ ನಾ ಬಿದ್ದಕೂಡ್ಲೇ ಒಳಗ ಓಡಿ ಬಂದು ಎತ್ತಬಾರದಂತ ದಾರ್ಯಾಗ ಆಕಿಗೆ ಚೆಂದಂಗ ತಿಳಿಸಿ ಹೇಳು.

ನಿನ್ನ ತಂಗಿ
ಕಸ್ತೂರಿ