ಖಾಲಿ ಕುರ್ಚಿಗಳಿಗೆ ಮಾತಾಡಿದ ಅಮೇಲಿಯಕ್ಕನಿಗೆ

ಅಮೇಲಿಯಕ್ಕಾ,

ಸತ್ತ ಮೇಲೆ ಏನೂ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದವಳು ನೀನು. ಹಾಗಾದರೆ ಈ ಕಾಗದ ಯಾರಿಗೆ? ನನಗೆ ಗೊತ್ತಿಲ್ಲ. ಹೇಳಬೇಕಾದದ್ದು ಒಂದಿದೆ, ಹೇಳದಿದ್ದರೆ ಊಟ ಸೇರುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ, ತಪ್ಪು ಹುಡುಕಬೇಡ.

ಐರ್ಲೆಂಡಿನ ಈ ಲೆಟರ್‌ಕೆನ್ನಿ ಪೇಟೆಯ ಮೀನಂಗಡಿಯಲ್ಲಿ ನಾವು ಮೊದಲು ಸಿಕ್ಕಿದ್ದು ನೆನಪಿದೆಯಾ? ನಾನು ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದೆ, ಅಂಗಡಿಯವನು ಮುಖ ಸಿಂಡರಿಸಿದ. ಪಕ್ಕದಲ್ಲಿದ್ದ ನೀನೂ ಒಂದರ ಕಿವಿರು ಎತ್ತಿದೆ. ನಾನು ಗಂಗೊಳ್ಳಿಯಲ್ಲಿ ಮೀನು ಮಾರಿದವಳು, ನೀನು ಪೋರ್ಚುಗಲ್ಲಿನ ಕಾರ್ಖಾನೆಯಲ್ಲಿ ಬೂತಾಯಿಯನ್ನು ಡಬ್ಬಿಗೆ ತುಂಬಿದವಳು. ನಿನ್ನ ಮಗ, ನನ್ನ ಮಗಳು ಒಂದೇ ಆಸ್ಪತ್ರೆಯಲ್ಲಿ ನರ್ಸ್ ಎಂದು ಆಮೇಲೆ ತಿಳಿಯಿತು. ಇಬ್ಬರದೂ ಹರುಕು ಇಂಗ್ಲಿಷು. ಜಗಳಕ್ಕೆ ಅಷ್ಟು ಸಾಕಾಗುತ್ತಿತ್ತು.

ಒಂದು ಮಧ್ಯಾಹ್ನ ಟೀ ಕುಡಿಯುತ್ತಾ, ಪಾರ್ಲಿಮೆಂಟಿನಲ್ಲಿದ್ದೆ ಎಂದು ನೀನು ಹೇಳಿದಾಗ ನಾನು ನಕ್ಕುಬಿಟ್ಟೆ. ಅದೂ ಒಂದು ದೇಶದ್ದಲ್ಲ, ಯುರೋಪಿನ ಹತ್ತಾರು ದೇಶಗಳು ಸೇರಿದ್ದು. ಒಬ್ಬೊಬ್ಬರದು ಒಂದೊಂದು ಭಾಷೆ, ಕೇಳುವವರ ಕಿವಿಗೆ ಹೆಡ್‌ಫೋನು. ನಿಮ್ಮ ಕಮ್ಯುನಿಸ್ಟರು ಬೆರಳೆಣಿಕೆಯಷ್ಟು. ಸಿಗುವುದು ಒಂದು ನಿಮಿಷ, ಆಮೇಲೆ ಮೈಕು ಬಂದ್.

"ಒಂದು ನಿಮಿಷದಲ್ಲಿ ನಾನು ಬಂಗುಡೆ ರೇಟೂ ಹೇಳಿ ಮುಗಿಸುದಿಲ್ಲ" ಎಂದೆ.

"ಅದಕ್ಕೇ ನಿನ್ನನ್ನ ಯಾರೂ ಆರಿಸಲಿಲ್ಲ" ಎಂದು ಚುಚ್ಚಿದೆ ನೀನು.

ಅವಧಿ ಅರ್ಧ ಉಳಿದಿರುವಾಗಲೇ ಕುರ್ಚಿ ಬಿಟ್ಟು ಬಂದೆ ಎಂದು ನೀನು ಹೇಳಿದ ದಿನವಂತೂ ನನಗೆ ಮೈಯೆಲ್ಲ ಉರಿಯಿತು. ನಿಮ್ಮ ಪಕ್ಷದಲ್ಲಿ ಅದೇ ಪದ್ಧತಿಯಂತೆ, ಒಬ್ಬರು ಇಳಿದು ಮುಂದಿನವರಿಗೆ ಜಾಗ ಕೊಡುವುದು.

"ತಲೆ ಸಮ ಇತ್ತಾ ನಿನಗೆ? ನಮ್ಮ ಬದಿ ಪಂಚಾಯ್ತಿ ಮೆಂಬರು ಕುರ್ಚಿ ಬಿಡುದು ಚಟ್ಟ ಕಟ್ಟಿದ ಮೇಲೆ."

"ಕುರ್ಚಿ ನನ್ನದಲ್ಲ ಮಾರಾಯ್ತಿ, ಕಳಿಸಿದವರದು." ಮಾರಾಯ್ತಿ ಎನ್ನುವುದನ್ನು ನೀನು ನನ್ನಿಂದಲೇ ಕಲಿತಿದ್ದೆ.

"ವಾಪಸ್ ಬಂದು ಏನು ಮಾಡಿದೆ?"

"ಕಾರ್ಖಾನೆ ಗೇಟಿನಲ್ಲಿ ಕರಪತ್ರ ಹಂಚಿದೆ."

ಇಂಥವಳ ಹತ್ತಿರ ಏನು ಮಾತಾಡುವುದು? ನಾನು ಟೀ ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದೆ.

ಆಸ್ಪತ್ರೆಯಲ್ಲಿ ಮಲಗಿದ್ದ ಕೊನೆಯ ವಾರದಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಸಣ್ಣ ದೋಣಿಯವರ ಬಗ್ಗೆ ಎಷ್ಟು ಸಲ ಮಾತಾಡಿದೆ. ಎದುರಿಗೆ ಬರೀ ಖಾಲಿ ಕುರ್ಚಿ. ಮತಕ್ಕೆ ಹಾಕಿದಾಗಲೆಲ್ಲ ಸೋಲು. ಯಾರಾದರೂ ಕೇಳಿಸಿಕೊಂಡರು ಅಂತೀಯಾ?" ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. "ನಂಗೆ ಗೊತ್ತಿಲ್ಲ" ಎಂದೆ. ನೀನು ಗೋಡೆಯ ಕಡೆ ತಿರುಗಿಕೊಂಡೆ. ಆ ಪ್ರಶ್ನೆಯನ್ನು ಹಾಗೇ ಹೊತ್ತುಕೊಂಡು ಹೋದೆಯಲ್ಲ...

ನಿನ್ನನ್ನು ಮನೆಯ ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಇಲ್ಲಿನ ಕ್ರಮ ನಿನಗೆ ಗೊತ್ತು, ಬಂದವರೆಲ್ಲ ಕೈಕುಲುಕಿ, ಸ್ಯಾಂಡ್‌ವಿಚ್ ತಿಂದು, ಟೀ ಕುಡಿದು ಹೋಗುತ್ತಾರೆ. ಕೆಟಲ್ ನನ್ನ ಕೈಯಲ್ಲಿತ್ತು. ಯಾರಿಗೂ ಪರಿಚಯವಿಲ್ಲದ ಒಬ್ಬ ಬಂದ. ಬಲೆ ಎಳೆದ ಕೈ, ನೋಡಿದರೇ ತಿಳಿಯುತ್ತದೆ. ನಿನ್ನ ಮಗನ ದುಃಖಕ್ಕೆ ಸಾರಿ ಹೇಳಿ ಬಾಗಿಲ ಬಳಿ ನಿಂತೇ ಇದ್ದ. ನಾನು ಬಿಡುತ್ತೇನಾ?

"ನೀನು ಯಾರು? ಇವಳು ನಿನಗೆ ಹೇಗೆ ಗೊತ್ತು?"

ಇಲ್ಲಿಯದೇ ಡೊನೆಗಲ್ ಕಡಲಿನ ಸಣ್ಣ ದೋಣಿಯವನು ಅವನು. ರೇಡಿಯೊದಲ್ಲಿ ತೀರಿಕೊಂಡವರ ಹೆಸರು ಓದುತ್ತಾರಲ್ಲ, ಅದರಲ್ಲಿ ನಿನ್ನದು ಕೇಳಿ ಬಂದಿದ್ದ. ಹಿಂದೊಮ್ಮೆ ಅಪ್ಪನ ಜೊತೆ, ಊರಿನ ಮೀನುಗಾರರ ಜೊತೆ ಆ ಪಾರ್ಲಿಮೆಂಟ್ ನೋಡಲು ಹೋಗಿದ್ದನಂತೆ. ಕೆಳಗೆ ಸದಸ್ಯರ ಕುರ್ಚಿಗಳು ಹೆಚ್ಚುಕಮ್ಮಿ ಖಾಲಿಯಂತೆ. ಹೆಸರು ಕರೆದದ್ದೇ ಒಬ್ಬಳು ಎದ್ದು ಪೋರ್ಚುಗೀಸಿನಲ್ಲಿ ಮಾತಾಡಿದಳು. ಹೆಡ್‌ಫೋನಿನಲ್ಲಿ ಕೇಳಿದರೆ ಇವರದೇ ವಿಷಯ. ದೊಡ್ಡ ಹಡಗು ಎಲ್ಲ ಬಾಚಿದರೆ ಸಣ್ಣವರಿಗೆ ಏನು ಉಳಿಯುತ್ತದೆ ಎಂದು.

"ಅಪ್ಪ ಎದ್ದು ನಿಂತ. ಕಾವಲಿನವನು ಕೂತ್ಕೋ ಅಂದ, ಅಪ್ಪ ಕೂರಲಿಲ್ಲ" ಎಂದ.

"ಆಮೇಲೆ ಮತದಲ್ಲಿ ಅವಳು ಸೋತದ್ದು ಗೊತ್ತುಂಟಾ?"

"ಗೊತ್ತು. ಅಪ್ಪ ಆ ವರ್ಷ ದೋಣಿ ಮಾರುವವನಿದ್ದ, ಮಾರಲಿಲ್ಲ. ಈಗ ನಾನು ಅದರಲ್ಲೇ ಹೋಗುತ್ತೇನೆ. ಗ್ರ್ಯಾಂಡ್ ಆಗಿದೆ, ಗಟ್ಟಿಮುಟ್ಟಾಗಿದೆ ಇನ್ನೂ."

ನನ್ನ ಕೈಯ ಕೆಟಲ್ ತಣ್ಣಗಾಗಿತ್ತು.

ಅಕ್ಕಾ, ಕೇಳಿದವರು ಇದ್ದರು. ನೀನು ಎದುರಿಗಿದ್ದ ಕುರ್ಚಿಗಳನ್ನೇ ನೋಡುತ್ತಾ ನಿಂತೆ. ಅವರು ಮೇಲೆ, ಗ್ಯಾಲರಿಯಲ್ಲಿದ್ದರು. ಒಂದು ಸಲ ತಲೆ ಎತ್ತಬಾರದಿತ್ತಾ?

ನಿನ್ನ,
ಗುಲಾಬಿ